ಪ್ರಬಂಧ ಮುಗಿಯಿತು, ಋಣ ಬಾಕಿ

ಇಲಿಯ ದೇಹ ಕ್ಯಾನ್ಸರ್ ಗಡ್ಡೆಯನ್ನು ಗುರುತಿಸುವ ಬಗೆ ಕುರಿತ ನನ್ನ ಪಿಎಚ್‌ಡಿ ಪ್ರಬಂಧಕ್ಕೆ ಒಪ್ಪಿಗೆಯ ಮುದ್ರೆ ಬಿದ್ದಿದೆ. ಹಾರೈಸಿದ ಎಲ್ಲರಿಗೂ ನಮಸ್ಕಾರ. ಮಾರ್ಗದರ್ಶಕರು, ಮಾಸ್ ಸ್ಪೆಕ್ಟ್ರೋಮೀಟರ್ ಕೊಠಡಿಯ ಗೆಳೆಯರು, ಭಾನುವಾರವೂ ಪಂಜರಗಳನ್ನು ಶುಚಿ ಮಾಡಿದ ಪ್ರಾಣಿಗೃಹದ ಸಿಬ್ಬಂದಿ, ಬಾಡಿಗೆ ತಡವಾದರೂ ಮುಖ ಗಂಟಿಕ್ಕದ ಮನೆ ಮಾಲೀಕರು, ಯಾರ ಉಪಕಾರವೂ ಸಣ್ಣದಲ್ಲ. ಆದರೆ ಇದನ್ನು ಬರೆಯುತ್ತಿರುವುದು ನಮ್ಮ ಪ್ರಯೋಗಾಲಯದ ಹಿರಿಯ ತಂತ್ರಜ್ಞೆ ಅಕ್ಕನಿಗಾಗಿ. ಹೆಸರು ಹಾಕಬಾರದೆಂದು ತಾಕೀತು ಮಾಡಿದ್ದಾರೆ. ಪ್ರಬಂಧದಲ್ಲಿ ಅವರ ಪಾಲಿಗೆ ಬಂದದ್ದು ‘ತಾಂತ್ರಿಕ ನೆರವು’ ಎಂಬಲ್ಲಿ ಅರ್ಧ ಸಾಲು. ನನಗೆ ಅದು ಸಾಲದು.

ಅಪ್ಪನಿಗೆ ಕ್ಯಾನ್ಸರ್ ಗಡ್ಡೆಯಾಗಿದ್ದ ವಿಷಯ ನಿಮಗೆ ಗೊತ್ತೇ ಇದೆ. ಶಿರಸಿಯಿಂದ ಆ ಕರೆ ಬಂದಾಗ ನಾನು ಹುಡ್ (ಶುದ್ಧ ಗಾಳಿ ಹಾಯಿಸುವ ಕೆಲಸದ ಪೆಟ್ಟಿಗೆ) ಮುಂದೆ ಕುಳಿತಿದ್ದೆ. ಇಲಿಯ ಗಡ್ಡೆಯಿಂದ ಆಮ್ಲದಲ್ಲಿ ಬಿಡಿಸಿ ತೆಗೆದ ಪೆಪ್ಟೈಡ್‌ಗಳು, ಅಂದರೆ ಪ್ರೋಟೀನಿನ ತುಣುಕುಗಳು, 96 ಗುಳಿಗಳ ತಟ್ಟೆಯಲ್ಲಿದ್ದವು. ಗಡ್ಡೆಯನ್ನು ಮಣಿಸಿದ ಇಲಿಯ ಟಿ ಕೋಶಗಳನ್ನು (ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳನ್ನು) ಅವುಗಳ ಮೇಲೆ ಬಿಡಬೇಕಿತ್ತು. ಅಕ್ಕ ನನ್ನ ಕೈಯಿಂದ ಪಿಪೆಟ್ ತೆಗೆದಿಟ್ಟು, ಚಿಕ್ಕ ಮಗುವಿಗೆ ಕಳಚಿದಂತೆ ಕೈಗವಸು ಕಳಚಿದರು. ಮೆಜೆಸ್ಟಿಕ್‌ವರೆಗೆ ಬಂದು ಬಸ್ ಹತ್ತಿಸಿ, ಮರಳಿ ಪ್ರಯೋಗಾಲಯಕ್ಕೆ ಹೋದರು. ಆ ರಾತ್ರಿಯಿಡೀ ಫೋನ್ ಇಡಲಿಲ್ಲ. ಸ್ಪೀಕರಿನಲ್ಲಿ ಹುಡ್‌ನ ಫ್ಯಾನ್ ಸದ್ದು, ನಡುನಡುವೆ ‘ಸಿ ಸಾಲು ಆಯಿತು, ಡಿ ಸಾಲು ಆಯಿತು’ ಎಂಬ ಅವರ ದನಿ. ನಾನು ಅತ್ತಾಗ ಎಣಿಕೆ ನಿಲ್ಲುತ್ತಿತ್ತು. ಸಮಾಧಾನದ ಮಾತು ಒಂದೂ ಬರುತ್ತಿರಲಿಲ್ಲ. ಅದೇ ಒಳ್ಳೆಯದಾಯಿತು.

ಅಕ್ಕಪಕ್ಕದ ಎರಡು ಗುಳಿಗಳು ಮಾತ್ರ ಹಳದಿಗೆ ತಿರುಗಿದ್ದವು, ಟಿ ಕೋಶಗಳು ಅಲ್ಲಿ ಎಚ್ಚೆತ್ತಿದ್ದವು. ನಾವು ಹುಡುಕುತ್ತಿದ್ದ ಪ್ರತಿಜನಕ, ಅಂದರೆ ಟಿ ಕೋಶಗಳು ಗಡ್ಡೆಯನ್ನು ಗುರುತಿಸುವ ಗುರುತು, ಅಲ್ಲಿತ್ತು. ನಾನು ಹದಿಮೂರನೆಯ ದಿನ ಕಳೆದು ಮರಳುವವರೆಗೂ ಅಕ್ಕ ಅದನ್ನು ಬಾಯಿಬಿಡಲಿಲ್ಲ. ‘ಸಾವಿನ ಮನೆಗೆ ಸಿಹಿ ಕಳಿಸುತ್ತಾರೇನೇ?’ ಎಂದರು.

ಊರಿನಲ್ಲಿ ಬಂಧುವೊಬ್ಬರು, ‘ನಿನ್ನ ಇಲಿಗಳ ಗಡ್ಡೆ ಕರಗುತ್ತದಂತೆ, ಅಪ್ಪನದೇಕೆ ಕರಗಲಿಲ್ಲ?’ ಎಂದು ಕೇಳಿದ್ದರು. ಕೆಟ್ಟ ಮನಸ್ಸಿನಿಂದಲ್ಲ. ಆದರೂ ಕೊಟ್ಟಿಗೆಯ ಹಿಂದೆ ಹೋಗಿ ವಾಂತಿ ಮಾಡಿಕೊಂಡೆ. ಬದುಕುಳಿದ ಇಲಿಗಳ ಮೇಲೆ ನನಗೆ ಹೊಟ್ಟೆಕಿಚ್ಚು ಬಂದಿತ್ತು, ನಿಜವಾಗಿಯೂ.

ಅವರಿಗೆ ಅಂದು ಹೇಳಲಾಗದ ಉತ್ತರ ಇಷ್ಟು. 1957ರಲ್ಲಿ ಪ್ರೆನ್ ಮತ್ತು ಮೇನ್ ಎಂಬ ವಿಜ್ಞಾನಿಗಳು ಒಂದೇ ತಳಿಯ ಇಲಿಗಳಲ್ಲಿ ಒಂದೇ ರಾಸಾಯನಿಕದಿಂದ ಗಡ್ಡೆ ಬರಿಸಿದರು. ಒಂದು ಗಡ್ಡೆಯನ್ನು ತಿರಸ್ಕರಿಸಲು ಕಲಿತ ಇಲಿಗೆ ಸಾಮಾನ್ಯವಾಗಿ ಇನ್ನೊಂದರ ಗುರುತೇ ಹತ್ತಲಿಲ್ಲ. ಇಲಿಯಿಂದ ಮನುಷ್ಯರಿಗೆ ದಾರಿ ಇಲ್ಲವೆಂದಲ್ಲ: 1991ರಲ್ಲಿ ಬ್ರಸೆಲ್ಸ್‌ನ ತಿಯೆರಿ ಬೂನ್ ತಂಡ ಇಂಥ ಪ್ರತಿಜನಕಗಳ ಎರಡು ವಂಶವಾಹಿಗಳನ್ನು, ಇಲಿಯ ಪಿ815 ಎಂಬ ಗಡ್ಡೆಯ ಪಿ1ಎಯನ್ನೂ ಮನುಷ್ಯರ ಮೆಲನೋಮಾದ (ಒಂದು ಬಗೆಯ ಚರ್ಮದ ಕ್ಯಾನ್ಸರ್) ಮೇಜ್-1 ಅನ್ನೂ, ಒಂದೇ ವರ್ಷ ವರದಿ ಮಾಡಿತು. ಆದರೆ ನನಗೆ ಸಿಕ್ಕಿದ್ದು ಒಂದು ಇಲಿಯ ಒಂದು ಗಡ್ಡೆಯ ಗುರುತು. ಅಪ್ಪನದು ಬೇರೆಯದೇ.

ಅಕ್ಕ ಸದ್ಯದಲ್ಲೇ ನಿವೃತ್ತರಾಗುತ್ತಾರೆ. ಆ ಟಿ ಕೋಶಗಳು ದ್ರವ ಸಾರಜನಕದಲ್ಲಿವೆ, ಸೀಸೆಗಳ ಮೇಲೆ ಅವರದೇ ಕೈಬರಹ. ಹೊಸ ವಿದ್ಯಾರ್ಥಿಗಳಿಗೆ ಬೇಕಾದರೆ ಧಾರಾಳವಾಗಿ ಕೇಳಿ, ಆದರೆ ನನ್ನನ್ನಲ್ಲ, ಮೊದಲು ಅವರನ್ನು.