ಜರ್ಮನಿಯ 1.7 ಇಲ್ಲಿ ಫೇಲಾ?

ಮಾನ್ಯ ಸಂಪಾದಕರೇ,

ಪ್ರವೇಶದ ಕಾಲ ಬಂತೆಂದರೆ ‘ಒಂದು ಸೆಮಿಸ್ಟರ್ ವಿದೇಶದಲ್ಲಿ’ ಎಂಬ ಕಾಲೇಜು ಜಾಹೀರಾತುಗಳು ಎಲ್ಲ ಕಡೆ ಕಾಣುತ್ತವೆ. ಅಂಥದ್ದೊಂದು ಒಪ್ಪಂದದಡಿ ನಾನು 2025ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಜರ್ಮನಿಯ ಮನ್‌ಹೈಮ್ ವಿಶ್ವವಿದ್ಯಾಲಯದಲ್ಲಿ ಎಂಬಿಎ ಮೂರನೇ ಸೆಮಿಸ್ಟರ್ ಓದಿ ಬಂದೆ. ಅಲ್ಲಿ ಪಾಸಾಗಲು ಪಟ್ಟ ಪಾಡಿಗಿಂತ, ಪಾಸಾಗಿದ್ದೇನೆಂದು ಇಲ್ಲಿ ನಂಬಿಸಲು ಪಟ್ಟ ಪಾಡೇ ದೊಡ್ಡದು.

ಮೊದಲು ದುಡ್ಡಿನ ಮಾತು. ಮನ್‌ಹೈಮ್ ಇರುವ ರಾಜ್ಯದಲ್ಲಿ ಯುರೋಪಿಯನ್ ಒಕ್ಕೂಟದ ಹೊರಗಿನವರು ಸೆಮಿಸ್ಟರ್‌ಗೆ 1,500 ಯೂರೊ ಬೋಧನಾ ಶುಲ್ಕ ಕಟ್ಟಬೇಕು, ವಿದ್ಯಾರ್ಥಿ ವಿನಿಮಯದಲ್ಲಿ ಹೋದವರಿಗೆ ಅದು ಮಾಫಿ. ಆದರೆ ವೀಸಾಕ್ಕೆ ತಿಂಗಳಿಗೆ 992 ಯೂರೊ ಲೆಕ್ಕದಲ್ಲಿ ‘ಬ್ಲಾಕ್ಡ್ ಅಕೌಂಟ್’ನಲ್ಲಿ ಮುಂಚೆಯೇ ಹಣ ಇಡಬೇಕು. ವೀಸಾದ ಐದು ತಿಂಗಳಿಗೆ ಹತ್ತಿರ ಹತ್ತಿರ ಐದು ಲಕ್ಷ ರೂಪಾಯಿ. ನಮ್ಮದೇ ಹಣ, ಅಲ್ಲಿ ತಿಂಗಳು ತಿಂಗಳು ನಮ್ಮ ಕೈಗೇ ಬರುತ್ತದೆ, ನಿಜ. ಆದರೂ ಅಷ್ಟನ್ನು ಒಂದೇ ಸಲ ಹೊಂದಿಸಲು ಅಮ್ಮನ ಸರ, ಬಳೆ ಬ್ಯಾಂಕಿನಲ್ಲಿ ಅಡ ಬಿದ್ದವು. ಜಾಹೀರಾತಿನಲ್ಲಿ ಈ ಸಾಲು ಇರುವುದಿಲ್ಲ.

ಊರು ಮಾತ್ರ ಚೆಂದ. ವಿಶ್ವವಿದ್ಯಾಲಯ ಇರುವುದೇ ಹಳೆಯ ಅರಮನೆಯಲ್ಲಿ. ಅದರ ಮುಂದಿನ ಹಳೆಯ ಪೇಟೆ ಪೂರ್ತಿ ಚೌಕ ಚೌಕ. ಬಹುತೇಕ ಬೀದಿಗಳಿಗೆ ಹೆಸರಿಲ್ಲ, ವಿಳಾಸವೆಂದರೆ ಬರೀ ಅಕ್ಷರ, ಅಂಕಿ. ಫೋನಿನಲ್ಲಿ ಅಪ್ಪನಿಗೆ ಇದನ್ನು ಹೇಳಿದರೆ, ‘ಅದರಲ್ಲೇನಮ್ಮ ವಿಶೇಷ, ನಮ್ಮೂರ ಎಂಸಿಸಿ ಬಿ ಬ್ಲಾಕ್ ಬಡಾವಣೆ ಇದ್ದ ಹಾಗೆ’ ಎಂದರು! ಭಾನುವಾರ ಅಂಗಡಿ ಮುಚ್ಚಿರುತ್ತವೆ ಎಂದು ಗೊತ್ತಿಲ್ಲದೆ ಮೊದಲ ಭಾನುವಾರ ದಾವಣಗೆರೆಯಿಂದ ಒಯ್ದಿದ್ದ ಮಂಡಕ್ಕಿ, ಚಟ್ನಿಪುಡಿಯಲ್ಲೇ ಕಳೆಯಿತು. ಪಾಠ ಮುಗಿದಾಗ ಅಲ್ಲಿ ಚಪ್ಪಾಳೆ ತಟ್ಟುವುದಿಲ್ಲ, ಬೆರಳ ಗೆಣ್ಣಿನಿಂದ ಮೇಜು ಕುಟ್ಟುತ್ತಾರೆ. ಮೊದಲ ದಿನ ಮೇಷ್ಟ್ರ ಮೇಲೆ ಏನೋ ಸಿಟ್ಟೆಂದುಕೊಂಡೆ.

ಇನ್ನು ಅಸಲು ಸಂಗತಿ. ಜರ್ಮನಿಯಲ್ಲಿ 1.0 ಎಂದರೆ ಅತ್ಯುತ್ತಮ, 4.0 ಕನಿಷ್ಠ ಪಾಸು, 5.0 ಎಂದರೆ ಫೇಲು. ಮಾರ್ಕೆಟಿಂಗ್ ವಿಷಯದಲ್ಲಿ ನನಗೆ 1.7 ಬಂದಿತ್ತು. ಕುಣಿದಾಡಿಕೊಂಡು ಬಂದು ನಮ್ಮ ಕಾಲೇಜಿನ ಪರೀಕ್ಷಾ ವಿಭಾಗಕ್ಕೆ ಕೊಟ್ಟರೆ, ‘ಹತ್ತಕ್ಕೆ ಒಂದು ಪಾಯಿಂಟ್ ಏಳು, ಫೇಲ್ ಅಲ್ವೇನಮ್ಮ?’ ಎಂದು ಕೇಳಿದರು. ಅಂಕಪಟ್ಟಿಯ ಹಿಂಬದಿಯ ವಿವರಣೆ ತೋರಿಸಿದೆ. ‘ಅದು ಅವರದ್ದು, ನಮ್ಮ ಸಾಫ್ಟ್‌ವೇರ್ ತಗೊಳ್ಳಲ್ಲ’ ಎಂದರು. ಪಾಪ, ಆ ಗುಮಾಸ್ತರ ತಪ್ಪೂ ಅಲ್ಲ. ಅವರಿಗೆ ಯಾರೂ ಒಂದು ಸುತ್ತೋಲೆ ಕೊಟ್ಟಿಲ್ಲ.

ಹೊರಗಿನ ಅಂಕಗಳನ್ನು ತಮ್ಮ ಅಳತೆಗೆ ತರಲು ಜರ್ಮನಿಯವರು ಬಳಸುವ ‘ಬವೇರಿಯನ್ ಸೂತ್ರ’ವೊಂದಿದೆ. ಅದನ್ನೇ ತಿರುಗಿಸಿದರೆ, 4ಕ್ಕೆ ಪಾಸು, 10 ಗರಿಷ್ಠ ಎಂಬ ಪದ್ಧತಿಯಲ್ಲಿ ನನ್ನ 1.7 ಎಂದರೆ 8.6. ಐದು ನಿಮಿಷದ ಲೆಕ್ಕಕ್ಕೆ ನಾನು ಏಳು ವಾರ ಅಲೆದೆ. ಇನ್ನೆರಡು ವಿಷಯಗಳ ಹೆಸರು ನಮ್ಮ ಸಿಲಬಸ್ಸಿನ ಹೆಸರಿಗೆ ಹೊಂದುವುದಿಲ್ಲವೆಂದು ಇಲ್ಲಿ ಮತ್ತೆ ಪರೀಕ್ಷೆ ಬರೆಸಿದರು. ಹೊರಡುವ ಮೊದಲು ಅದೇ ವಿಷಯಗಳ ಪಟ್ಟಿಗೆ, ಅಂದರೆ ‘ಲರ್ನಿಂಗ್ ಅಗ್ರಿಮೆಂಟ್’ಗೆ, ನಮ್ಮ ವಿಭಾಗದ ಮುಖ್ಯಸ್ಥರೇ ಸಹಿ ಹಾಕಿದ್ದರು. ಪರೀಕ್ಷಾ ವಿಭಾಗ ಆ ಕಾಗದವನ್ನು ಕಂಡೇ ಇರಲಿಲ್ಲ. ಫಲಿತಾಂಶ ಬರುವವರೆಗೆ ಆ ಎರಡೂ ‘ಬ್ಯಾಕ್‌ಲಾಗ್’, ಅಂದರೆ ಪಾಸಾಗದೆ ಬಾಕಿ ಉಳಿದ ವಿಷಯ, ಎಂದೇ ದಾಖಲಾದವು. ಬ್ಯಾಕ್‌ಲಾಗ್ ಇದ್ದವರು ಬರಬೇಡಿ ಎಂದಿದ್ದ ಮೂರು ಕಂಪನಿಗಳ ಕ್ಯಾಂಪಸ್ ಸಂದರ್ಶನಕ್ಕೆ ನಾನು ಕೂರಲಾಗಲಿಲ್ಲ.

ವಿದ್ಯಾರ್ಥಿಯನ್ನು ಕಳಿಸುವ ಮೊದಲೇ ಯಾವ ವಿಷಯಕ್ಕೆ ಯಾವುದು ಸಮ, ಅಲ್ಲಿಯ ಎಷ್ಟು ಕ್ರೆಡಿಟ್ ಇಲ್ಲಿಯ ಎಷ್ಟಕ್ಕೆ ಸಮ, ಅಂಕ ಪರಿವರ್ತನೆ ಹೇಗೆ ಎಂಬುದನ್ನು ಪರೀಕ್ಷಾ ವಿಭಾಗ ಬರೆದು ಸಹಿ ಹಾಕಿ ಕೊಡಲಿ. ಆ ಹಾಳೆ ಇಲ್ಲದೆ ಯಾರೂ ವಿಮಾನ ಹತ್ತದಂತೆ ವಿಶ್ವವಿದ್ಯಾಲಯಗಳು ನಿಯಮ ಮಾಡಲಿ. ಬರುವ ಆಗಸ್ಟ್ ಕೊನೆಗೆ ನಮ್ಮ ಕಾಲೇಜಿನಿಂದ ಇನ್ನಿಬ್ಬರು ಹೊರಟಿದ್ದಾರೆ. ಮೊನ್ನೆ ಅವರ ಫಾರಂ ನೋಡಿದೆ. ವಿಭಾಗ ಮುಖ್ಯಸ್ಥರ ಸಹಿ ಇದೆ, ಪರೀಕ್ಷಾ ವಿಭಾಗಕ್ಕೆಂದು ಅದರಲ್ಲಿ ಜಾಗವೇ ಇಲ್ಲ.

– ಎಂಬಿಎ ವಿದ್ಯಾರ್ಥಿನಿ, ದಾವಣಗೆರೆ