ಕ್ಯಾನ್ಸರ್ ವಾಸಿಯಾದ ಮಕ್ಕಳನ್ನ ಆಮೇಲೆ ನೋಡೋರು ಯಾರು?

ಸಂಪಾದಕರಿಗೆ ನಮಸ್ಕಾರ,

ನಂದು ಶ್ರೀನಿವಾಸಪುರದಲ್ಲಿ ಒಂದು ಚಿಕ್ಕ ಜೆರಾಕ್ಸ್ ಅಂಗಡಿ. ಊರೋರ ಪಹಣಿ, ಆಧಾರು, ಮಾರ್ಕ್ಸ್ ಕಾರ್ಡು ಎಲ್ಲಾ ಲ್ಯಾಮಿನೇಷನ್ ಮಾಡಿಕೊಡೋ ನಾನು ನನ್ ಮಗನ ಆಸ್ಪತ್ರೆ ಫೈಲನ್ನೇ ಸರಿಯಾಗಿ ಇಟ್ಕೊಂಡಿಲ್ಲ, ಅದಕ್ಕೇ ಈ ಪತ್ರ.

2012ರಲ್ಲಿ ಅವನಿಗೆ ಆರು ವರ್ಷ, ಬ್ಲಡ್ ಕ್ಯಾನ್ಸರ್ ಅಂದ್ರು. ಎರಡೂವರೆ ವರ್ಷ ಬೆಂಗಳೂರಿಗೆ ಓಡಾಡಿದ್ವಿ, ಕಿಮೋ, ಬೆನ್ನಿಗೆ ಇಂಜೆಕ್ಷನ್ನು, ಮತ್ತೆ ಆ ಕೆಂಪು ಔಷಧಿ. ಡ್ರಿಪ್ಪಲ್ಲಿ ಶರಬತ್ ಥರ ಇಳೀತಿತ್ತು, ಉಚ್ಚೆನೂ ಕೆಂಪಗೆ ಬರೋದು, ಅದನ್ನ ನೋಡಿ ಅವನು ಅತ್ರೆ ಅವರಮ್ಮ "ಶರಬತ್ ಜಾಸ್ತಿ ಆಯ್ತು ಕಣೋ" ಅಂತ ನಗಿಸೋಳು. 2015ರಲ್ಲಿ ವಾಸಿ ಆಯ್ತು ಅಂದ್ರು, ಆ ಡಾಕ್ಟ್ರನ್ನ ಈಗ್ಲೂ ದೇವ್ರ ಥರ ನೆನೆಸ್ಕೊಳ್ತೀವಿ, ಅದರಲ್ಲಿ ಎರಡು ಮಾತಿಲ್ಲ. ಮೊದಮೊದಲು ಫಾಲೋಅಪ್‌ಗೆ ತಪ್ಪದೆ ಹೋದ್ವಿ. ಆಮೇಲೆ ಕೊರೊನಾ ಬಂತು, ಬಸ್ಸು ನಿಂತ್ವು, ಹುಡುಗ ಚೆನ್ನಾಗೇ ಇದ್ದ, ಬಿಟ್ಬಿಟ್ವಿ. ತಪ್ಪು ನಮ್ದೂ ಇದೆ.

ಹೋದ ಮಾವಿನ ಸೀಸನ್‌ನಲ್ಲಿ ಮಂಡೀಲಿ ಕ್ರೇಟ್ ಎತ್ತೋಕೆ ಹೋದೋನು ಮಧ್ಯಾಹ್ನಕ್ಕೆಲ್ಲಾ ಏದುಸಿರು ಬಿಡ್ತಾ ವಾಪಸ್ ಬಂದ. ಇಲ್ಲಿನ ಡಾಕ್ಟ್ರಿಗೆ ತೋರಿಸಿ ಹಳೇ ಕಾಯಿಲೆ ವಿಷಯ ಹೇಳಿದ ತಕ್ಷಣ ಅವರು ಕೇಳಿದ್ದು, ಯಾವ ಕಿಮೋ, ಒಟ್ಟು ಎಷ್ಟು ಡೋಸ್ ಹೋಗಿದೆ ಅಂತ. ಬೀರು ಮೇಲಿಂದ ಫೈಲ್ ಇಳಿಸಿ ನೋಡಿದ್ರೆ ಅರ್ಧ ಗೆದ್ದಲು ತಿಂದಿದೆ, ಇನ್ನರ್ಧ ಥರ್ಮಲ್ ಪೇಪರು, ಬಿಸಿಲಿಗೆ ಹಿಡಿದ್ರೂ ಒಂದಕ್ಷರ ಕಾಣಲ್ಲ. ಥರ್ಮಲ್ ಪೇಪರ್ ಅಳಿಸಿಹೋಗುತ್ತೆ ಅಂತ ಜೆರಾಕ್ಸ್ ಅಂಗಡಿಯೋನಿಗೇ ಗೊತ್ತಿಲ್ವಾ ಅಂತ ಹೆಂಡ್ತಿ ಬೈದಿದ್ದು ಸರಿಯಾಗೇ ಇತ್ತು.

ಆಮೇಲೆ ಡಾಕ್ಟ್ರು ಬಿಡಿಸಿ ಹೇಳಿದ್ರು. ಡಾನೋರುಬಿಸಿನ್, ಡಾಕ್ಸೋರುಬಿಸಿನ್ ಅನ್ನೋ ಈ ಕೆಂಪು ಔಷಧಿಗಳು ಜೀವ ಉಳಿಸ್ತವೆ ಆದ್ರೆ ಹೃದಯದ ಸ್ನಾಯುಗೂ ಪೆಟ್ಟು ಕೊಡಬಹುದು, ಆ ಪೆಟ್ಟು ಹತ್ತು ಹದಿನೈದು ವರ್ಷ ಆದ್ಮೇಲೂ ಹೊರಗೆ ಬರಬಹುದು, ಎಷ್ಟೋ ಸಲ ಎಕೋ, ಅಂದ್ರೆ ಹೃದಯದ ಸ್ಕ್ಯಾನ್, ಮಾಡಿಸದೆ ಗೊತ್ತೇ ಆಗಲ್ಲ. ಎರಡು ವರ್ಷಕ್ಕೊಂದ್ಸಲ ಮಾಡಿಸ್ಬೇಕಾ ಐದು ವರ್ಷಕ್ಕೊಂದ್ಸಲ ಸಾಕಾ ಅನ್ನೋದು ಹೋಗಿರೋ ಡೋಸ್ ಮೇಲೆ ನಿಂತಿದೆ. ನಮ್ಮ ಹತ್ರ ಇಲ್ಲದೇ ಇದ್ದಿದ್ದು ಅದೊಂದೇ ಲೆಕ್ಕ. ಪುಣ್ಯಕ್ಕೆ ಅವನ ಎಕೋ ಸದ್ಯಕ್ಕೆ ಪರವಾಗಿಲ್ಲ.

ಫೈಲ್ ಕಾಪಿ ಕೇಳೋಕೆ ಅಂತ ಹಳೇ ಆಸ್ಪತ್ರೆಗೆ ಹೋದ್ರೆ ಮಕ್ಕಳ ಓಪಿಡೀಲಿ "ಇವನಿಗೆ 19 ಆಯ್ತಲ್ಲಾ, ದೊಡ್ಡೋರ ಓಪಿಡಿಗೆ ಹೋಗಿ" ಅಂದ್ರು, ಅಲ್ಲಿ ಹೋದ್ರೆ "ಇವನಿಗೆ ಈಗ ಕಾಯಿಲೆನೇ ಇಲ್ವಲ್ಲಾ" ಅಂದ್ರು. ಅವತ್ತು ಅವರಮ್ಮನಿಗೆ ಶಕ್ತಿ ಟಿಕೆಟ್ ಫ್ರೀ, ನಮ್ಮಿಬ್ಬರದು ಬಸ್ ಚಾರ್ಜು, ಊಟ, ಒಂದು ದಿನ ಅಂಗಡಿ ಬಾಗ್ಲು ಹಾಕಿದ್ದು, ಕೈಗೆ ಬಂದಿದ್ದು ನಾಳೆ ಬನ್ನಿ ಅನ್ನೋ ಮಾತು.

ನಮ್ಮ ಪಕ್ಕದ ಬೆಡ್ಡಲ್ಲಿದ್ದ ಬೆಂಗಳೂರಿನ ಹುಡುಗಿ ಅದೇ ವಾರ್ಡು, ಅದೇ ಔಷಧಿ. ಅವಳಿಗೆ ತಪ್ಪದೆ ಎಕೋ ಆಗ್ತಿದೆ, ಹೈಟ್ ಕಮ್ಮಿ ಅಂತ ಹಾರ್ಮೋನ್ ಡಾಕ್ಟ್ರಿಗೂ ತೋರಿಸಿದ್ದಾರೆ, ಅವರಪ್ಪ ಎಲ್ಲಾ ರಿಪೋರ್ಟೂ ಮೊಬೈಲಲ್ಲಿ ಇಟ್ಕೊಂಡಿದ್ದಾರೆ. ಬಾಗೇಪಲ್ಲಿ ಕಡೆಯ ಇನ್ನೊಬ್ಬ ಹುಡುಗಿಗೆ ತಲೆಗೆ ರೇಡಿಯೇಷನ್ ಆಗಿತ್ತು, ಚಿಕ್ಕ ವಯಸ್ಸಲ್ಲಿ ಅದಾದ್ರೆ ಕೆಲವು ಮಕ್ಕಳಿಗೆ ಲೆಕ್ಕ, ನೆನಪು ನಿಧಾನ ಆಗುತ್ತೆ ಅಂತ ಆ ತಾಯಿಗೆ ಯಾರೂ ಹೇಳಿರ್ಲಿಲ್ಲ, ಸ್ಕೂಲಲ್ಲಿ ದಡ್ಡಿ ಅನ್ನಿಸ್ಕೊಂಡು ಒಂಬತ್ತನೇ ಕ್ಲಾಸಿಗೇ ಬಿಟ್ಳು. ಮೂರೂ ಮಕ್ಕಳು ಬದುಕಿದಾರೆ, ಆದ್ರೆ ಆಮೇಲಿನ ಆರೈಕೆ ಸಿಕ್ಕಿದ್ದು ಬೆಂಗಳೂರಲ್ಲಿ ಮನೆ ಇರೋ ಮಗುಗೆ ಮಾತ್ರ.

ಇದೇನು ಯಾರೂ ಮಾಡದ ಕೆಲಸ ಅಲ್ಲ, ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೇಲಿ ಚಿಕಿತ್ಸೆ ಮುಗಿದ ಮಕ್ಕಳಿಗೇ ಅಂತ 1991ರಿಂದ ಬೇರೆ ಕ್ಲಿನಿಕ್ ಇದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲಾಸ್ಪತ್ರೆಗಳಲ್ಲಿ ತಿಂಗಳಿಗೊಂದು ದಿನ ಇಂಥ ಮಕ್ಕಳಿಗೆ ಅಂತ ಇಡಿ, 18 ದಾಟಿದೋರನ್ನೂ ಅಲ್ಲೇ ನೋಡಿ, ಬೆಂಗಳೂರಿನ ಡಾಕ್ಟ್ರು ಬೇಕಾದ್ರೆ ವಿಡಿಯೋ ಕಾಲಲ್ಲಿ ಕೂತ್ಕೊಳ್ಲಿ. ಆರ್‌ಬಿಎಸ್‌ಕೆ ಅಂತ ಸ್ಕೂಲಿಗೆ ಬಂದು ಮಕ್ಕಳ ಹಲ್ಲು, ಕಣ್ಣು ನೋಡ್ತಾರಲ್ಲಾ, ಅವರು ಚಿಕ್ಕವರಿದ್ದಾಗ ಕ್ಯಾನ್ಸರ್ ಚಿಕಿತ್ಸೆ ಆಗಿತ್ತಾ ಅಂತ ಒಂದು ಪ್ರಶ್ನೆ ಜಾಸ್ತಿ ಕೇಳಿದ್ರೆ ಖರ್ಚೇನೂ ಇಲ್ಲ. ಎಲ್ಲಕ್ಕಿಂತ ಮೊದಲು, ಮನೆಗೆ ಕಳಿಸೋ ದಿನ ಯಾವ ಔಷಧಿ, ಒಟ್ಟು ಎಷ್ಟು, ರೇಡಿಯೇಷನ್ ಎಲ್ಲಿಗೆ, ಮುಂದೆ ಯಾವ ಟೆಸ್ಟ್ ಯಾವಾಗ ಅಂತ ಒಂದೇ ಹಾಳೇಲಿ ಕನ್ನಡದಲ್ಲಿ ಬರೆದುಕೊಡಿ, ದಯವಿಟ್ಟು ಥರ್ಮಲ್ ಪೇಪರಲ್ಲಿ ಬೇಡ. ನಮ್ಮ ತಾಲ್ಲೂಕಿನ ಯಾವ ಮಗುದಾದ್ರೂ ಸರಿ, ಆ ಹಾಳೆ ತಂದ್ರೆ ಲ್ಯಾಮಿನೇಷನ್ ನಾನು ಫ್ರೀಯಾಗಿ ಮಾಡಿಕೊಡ್ತೀನಿ.

ಇಂತಿ,
ಒಬ್ಬ ಓದುಗ, ಶ್ರೀನಿವಾಸಪುರ, ಕೋಲಾರ ಜಿಲ್ಲೆ