ಜಂಟಿ ಆನ್‌ಲೈನ್ ತರಗತಿಗೆ ಕ್ರೆಡಿಟ್ ಸಿಗಲಿ

ಮಾನ್ಯ ಸಂಪಾದಕರೇ,

ವಲಸೆ ಮತ್ತು ನಿರಾಶ್ರಿತರ ಅಧ್ಯಯನದ ನಮ್ಮ ಸ್ನಾತಕೋತ್ತರ ತರಗತಿಯನ್ನು ಕಳೆದ ಸೆಮಿಸ್ಟರ್‌ನಲ್ಲಿ ಜರ್ಮನಿಯ ವಿಶ್ವವಿದ್ಯಾಲಯವೊಂದರ ತರಗತಿಯೊಡನೆ ಆರು ವಾರ ಆನ್‌ಲೈನ್‌ನಲ್ಲಿ ಜಂಟಿಯಾಗಿ ನಡೆಸಿದೆವು. ಇಂತಹ ತರಗತಿಗೆ ಪಠ್ಯಕ್ರಮದಲ್ಲೇ ಸ್ಥಾನ ಕೊಡಬೇಕೆಂದು ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳನ್ನು ಕೋರಲು ಈ ಪತ್ರ ಬರೆಯುತ್ತಿದ್ದೇನೆ.

ಮೊದಲೆರಡು ವಾರ ಒಂದು ಪದದ ಚರ್ಚೆಯಲ್ಲೇ ಕಳೆದವು. 2015ರಲ್ಲಿ ಸುಮಾರು 8.9 ಲಕ್ಷ ಮಂದಿ ಆಶ್ರಯ ಕೋರಿ ಬಂದ ಆ ದೇಶದಲ್ಲಿ, ‘ಫ್ಲುಶ್ಟ್‌ಲಿಂಗ್’ (ನಿರಾಶ್ರಿತ) ಎಂಬ ರೂಢಿಯ ಪದ ಬಂದವರನ್ನು ಕೀಳಾಗಿಸುತ್ತದೆಂದು ಹಲವರು ‘ಗೆಫ್ಲುಶ್ಟೆಟೆ’ (ಪಲಾಯನ ಮಾಡಿ ಬಂದವರು) ಎಂದು ಬಳಸುತ್ತಿರುವುದನ್ನು ಅಲ್ಲಿನ ವಿದ್ಯಾರ್ಥಿಗಳು ವಿವರಿಸಿದರು. ನಮ್ಮ ‘ನಿರಾಶ್ರಿತ’ ಎಂದರೆ ಆಶ್ರಯವಿಲ್ಲದವನು. ಹಾಗಿದ್ದರೆ 1960ರ ದಶಕದ ಆರಂಭದಿಂದ ಬೈಲಕುಪ್ಪೆಯಲ್ಲಿ ನೆಲೆನಿಂತು ಮುಸುಕಿನ ಜೋಳ ಬೆಳೆಯುತ್ತಿರುವ ಟಿಬೆಟನ್ನರನ್ನು ಏನೆನ್ನಬೇಕು ಎಂಬ ಪ್ರಶ್ನೆ ನಮ್ಮವರಿಂದಲೇ ಬಂತು. ಆಗ ಸುಳ್ಯದ ಒಬ್ಬ ವಿದ್ಯಾರ್ಥಿನಿ, ಅಂಚು ಸವೆದ ಹಳೆಯ ಪಾಸ್‌ಪೋರ್ಟೊಂದನ್ನು ಕ್ಯಾಮೆರಾದ ಮುಂದೆ ಹಿಡಿದು, ‘ನಮ್ಮಜ್ಜಿ ನಿರಾಶ್ರಿತರಲ್ಲ. ಇದನ್ನು ಹಿಡಿದುಕೊಂಡೇ ಲಂಕೆಯ ತಲೈಮನ್ನಾರಿನಲ್ಲಿ ಹಡಗು ಹತ್ತಿದವರು’ ಎಂದಳು. ಭಾರತ ಮತ್ತು ಲಂಕೆ ಮಾಡಿಕೊಂಡ 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದಂತೆ ಲಂಕೆಯಿಂದ ಬಂದು ದಕ್ಷಿಣ ಕನ್ನಡದ ರಬ್ಬರ್ ತೋಟಗಳಲ್ಲಿ ದುಡಿದ ತಮಿಳರು ಭಾರತದ ಪೌರರು ಎಂಬುದು ನನ್ನ ತರಗತಿಯ ಅರ್ಧದಷ್ಟು ಮಂದಿಗೂ ಅಂದಿನವರೆಗೆ ತಿಳಿದಿರಲಿಲ್ಲ. ನನಗೆ ಬೇಸರವಾದದ್ದು ಅದೇ.

ವಿಶ್ವಸಂಸ್ಥೆಯ 1951ರ ನಿರಾಶ್ರಿತರ ಒಪ್ಪಂದವನ್ನೇ ಬುನಾದಿಯಾಗಿ ಓದುವ ಜರ್ಮನಿಯ ಮಕ್ಕಳಿಗೆ, ಅದಕ್ಕೆ ಸಹಿ ಹಾಕದ ಭಾರತ ಜಮೀನು ಕೊಟ್ಟು ಜನರನ್ನು ನೆಲೆಗೊಳಿಸಿದ ಬಗೆ ಹೊಸದು. ಆದರೆ ಬೈಲಕುಪ್ಪೆಯಲ್ಲಾಗಲಿ ಟಿಬೆಟನ್ನರ ಇನ್ನೊಂದು ನೆಲೆಯಾದ ಮುಂಡಗೋಡಿನಲ್ಲಾಗಲಿ ತಂಗಲು ವಿದೇಶಿಯರು ವಿಶೇಷ ಅನುಮತಿ ಪಡೆಯಬೇಕು. ನಮ್ಮ ವಿದ್ಯಾರ್ಥಿಗಳೋ ಬೆಳಿಗ್ಗೆ ಮೈಸೂರಿನಲ್ಲಿ ಬಸ್ಸು ಹತ್ತಿ ಬೈಲಕುಪ್ಪೆಗೆ ಹೋಗಿ ಸಂಜೆಗೆ ಮರಳಬಲ್ಲರು. ಹಾಗೆ ಹೋದವರು ಅಲ್ಲಿನ ಜನರನ್ನು ಪರದೆಯ ಮೇಲಿನ ಪ್ರದರ್ಶನವಾಗಿಸಬಾರದು. ಒಪ್ಪಿಗೆಯಿಲ್ಲದೆ ವಿಡಿಯೊ ತೆಗೆಯುವುದಿಲ್ಲ, ಬರೆದದ್ದನ್ನು ಮೊದಲು ಅವರಿಗೇ ಓದಿ ಹೇಳುತ್ತೇವೆ ಎಂಬ ನಿಯಮವನ್ನು ಎರಡೂ ತರಗತಿಗಳು ಸೇರಿ ಮಾಡಿಕೊಂಡಿದ್ದವು.

ಇಷ್ಟಾದರೂ ನಮ್ಮ ಕಡೆ ಈ ಕೆಲಸಕ್ಕೆ ಒಂದು ಕ್ರೆಡಿಟ್ ಕೂಡ ಇಲ್ಲ; ಜರ್ಮನಿಯ ವಿದ್ಯಾರ್ಥಿಗಳಿಗೆ ಇದು ಅಂಕವಿರುವ ಪತ್ರಿಕೆ, ನಮ್ಮವರಿಗೆ ಊಟದ ಬಿಡುವಿನ ಹೆಚ್ಚುವರಿ ಹೊರೆ. ಅಧ್ಯಯನ ಮಂಡಳಿಗಳು ಮುಂದಿನ ಪಠ್ಯಕ್ರಮ ಪರಿಷ್ಕರಣೆಯಲ್ಲಿ ಎರಡು ಕ್ರೆಡಿಟ್‌ನ ಜಂಟಿ ಪತ್ರಿಕೆಯೊಂದನ್ನು ಸೇರಿಸಿ, ಸ್ಥಳ ಅಧ್ಯಯನಕ್ಕೆ ಬಸ್ ಖರ್ಚನ್ನಾದರೂ ಕೊಡಬೇಕೆಂದು ವಿನಂತಿಸುತ್ತೇನೆ.

– ಸಮಾಜಶಾಸ್ತ್ರ ಅಧ್ಯಾಪಕಿ, ಮೈಸೂರು